ಆಪ್ ಐದು ನಕ್ಷತ್ರ ಕೊಟ್ಟಿದೆ, ಹಲ್ಲು ಹುಳುಕಾಗಿದೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ರಾಗ ಹಾಡಿವೆ. ಮಗು ಹಲ್ಲುಜ್ಜಲು ಯಾವ ಆಪ್ ಒಳ್ಳೆಯದು, ಯಾವ ಬ್ಯಾಟರಿ ಬ್ರಷ್ ಕೊಳ್ಳಬೇಕು? ಹೋದ ಸಲವೂ ಇದೇ, ಅದಕ್ಕೆ ಹಿಂದಿನ ಸಲವೂ ಇದೇ. ಆದ್ದರಿಂದ ಒಂದು ಪತ್ರಕ್ಕೆ ಉದ್ದವಾಗಿ ಉತ್ತರಿಸಿ, ಉಳಿದವನ್ನು ಚುಟುಕಾಗಿ ಮುಗಿಸುತ್ತೇನೆ. ದಿನಕ್ಕೆ ಎಷ್ಟು ಸಲ ಉಜ್ಜಬೇಕು ಎಂದು ಇಲ್ಲಿ ಬರೆಯುವುದಿಲ್ಲ. ಅದು ಪೇಸ್ಟಿನ ಡಬ್ಬಿಯ ಮೇಲೇ ಇದೆ.

ಪ್ರಶ್ನೆ: ನನ್ನ ಮಗನಿಗೆ ಐದೂವರೆ ವರ್ಷ. ಬ್ಲೂಟೂತ್ ಇರುವ ಬ್ರಷ್ ತಂದುಕೊಟ್ಟೆವು. ಮೊಬೈಲಿನಲ್ಲಿ ಬೊಂಬೆ ಕುಣಿಯುತ್ತದೆ, ಅವನೂ ಖುಷಿಯಾಗಿ ಎರಡು ನಿಮಿಷ ಉಜ್ಜುತ್ತಾನೆ, ದಿನವೂ ಐದು ನಕ್ಷತ್ರ ಬರುತ್ತದೆ. ಆದರೂ ಮೊನ್ನೆ ವೈದ್ಯರಿಗೆ ತೋರಿಸಿದಾಗ ಎರಡು ದವಡೆ ಹಲ್ಲು ಹುಳುಕಾಗಿದೆ ಎಂದರು. ಬ್ರಷ್ ಬದಲಿಸಬೇಕೆ? – ಒಬ್ಬ ತಾಯಿ, ಮೈಸೂರು

ಉತ್ತರ: ಬ್ರಷ್ ಅದೇ ಇರಲಿ. ಅದನ್ನು ಹಿಡಿಯುವ ಕೈ ನಿಮ್ಮದಾಗಲಿ.

ಮೊಬೈಲನ್ನು ಅಡ್ಡ ಹಿಡಿದಾಗ ಪರದೆ ತಾನೇ ತಿರುಗುತ್ತದಲ್ಲ, ಅದನ್ನು ಗ್ರಹಿಸುವಂಥ ಸೆನ್ಸರ್‌ಗಳೇ ಈ ಬ್ರಷ್‌ಗಳ ಹಿಡಿಯೊಳಗೂ ಇರುತ್ತವೆ. ಹಿಡಿ ಯಾವ ಕಡೆ ವಾಲಿದೆ, ಅಲುಗುತ್ತಿದೆಯೇ ಇಲ್ಲವೇ ಎಂಬುದು ಅವಕ್ಕೆ ಗೊತ್ತು. ಅಷ್ಟರಿಂದಲೇ ‘ಈಗ ಎಡಗಡೆಯ ಮೇಲಿನ ಹಲ್ಲು’ ಎಂದು ಆಪ್ ಊಹಿಸುತ್ತದೆ. ಬ್ರಷ್ಷಿನ ಎಳೆ ಒಸಡಿನ ಅಂಚಿಗೆ ತಾಗಿತೇ, ಅಲ್ಲಿ ಕೂತಿದ್ದ ಅಂಟು ಲೋಳೆ, ಅಂದರೆ ಪ್ಲಾಕ್, ಹೋಯಿತೇ ಎಂಬುದು ಅದಕ್ಕೆ ತಿಳಿಯದು. ಕ್ಯಾಮೆರಾದಿಂದ ನೋಡುವ ಆಟಗಳೂ ಇವೆ. 2020ರ ಜೂನ್‌ನಲ್ಲಿ ಬಂದ ಪೋಕೆಮಾನ್ ಸ್ಮೈಲ್ ಅಂಥದ್ದು. ಮೊಬೈಲಿನ ಮುಂದೆ ನಿಂತು ಉಜ್ಜಿದರೆ ಪೋಕೆಮಾನ್ ಎಂಬ ಕಾರ್ಟೂನ್ ಪ್ರಾಣಿಗಳು ಸಿಗುತ್ತವೆ. ಆದರೆ ಆ ಕ್ಯಾಮೆರಾಕ್ಕೆ ಕಾಣುವುದು ಮುಖ ಮತ್ತು ಕೈ. ಕೆಳದವಡೆಯ ಹಲ್ಲಿನ ನಾಲಿಗೆ ಬದಿ ನನಗೇ ಕನ್ನಡಿ ಇಲ್ಲದೆ ಸರಿಯಾಗಿ ಕಾಣುವುದಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಆರು ವರ್ಷದ ಹುಡುಗಿಯೊಬ್ಬಳನ್ನು ಕರೆತಂದಿದ್ದರು. ಅವಳ ಅಪ್ಪ ಕುರ್ಚಿಯಲ್ಲಿ ಕೂರುವ ಮೊದಲೇ ಮೊಬೈಲ್ ತೋರಿಸಿದರು. “ನೋಡಿ ಡಾಕ್ಟರೇ, ಇಪ್ಪತ್ತಾರು ದಿನ, ಒಂದು ದಿನವೂ ತಪ್ಪಿಲ್ಲ.” ಸರಿ, ಇಲ್ಲೇ ಉಜ್ಜಮ್ಮ ಎಂದು ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿದೆ. ಹಾಡು ಮುಗಿಯಿತು, ಪರದೆಯ ಮೇಲೆ ಪಟಾಕಿ ಸಿಡಿಯಿತು. ಬಾಯಿ ಮುಕ್ಕಳಿಸಿದ ಮೇಲೆ, ಪ್ಲಾಕಿಗೆ ಮಾತ್ರ ಬಣ್ಣ ಹಿಡಿಸುವ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಹಚ್ಚಿದೆ. ಮುಂದಿನ ಹಲ್ಲು ಬೆಳ್ಳಗಿದ್ದವು. ಹಿಂದಿನ ದವಡೆ ಹಲ್ಲುಗಳ ಬುಡದುದ್ದಕ್ಕೂ ಹಬ್ಬದ ದಿನ ಹೊಸ್ತಿಲಿಗೆ ಕುಂಕುಮ ಬಳಿದ ಹಾಗೆ ಕೆಂಪು. ಅಪ್ಪ ಮೊಬೈಲನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು. ಗುಟ್ಟನ್ನು ಆಮೇಲೆ ಹುಡುಗಿಯೇ ಹೇಳಿದಳು: ಬ್ರಷ್ಷನ್ನು ಬಾಯಿಯ ಹೊರಗೆ ಅಲ್ಲಾಡಿಸಿದರೂ ನಕ್ಷತ್ರ ಬರುತ್ತದಂತೆ!

ಏಳೆಂಟು ವರ್ಷದವರೆಗೆ ಮಕ್ಕಳ ಮಣಿಕಟ್ಟಿಗೆ ಆ ಕುಸುರಿ ಕೆಲಸ ಒಗ್ಗುವುದಿಲ್ಲ. ಶೂ ಲೇಸ್ ಕಟ್ಟಿಕೊಳ್ಳಲಾಗದ, ಒತ್ತಕ್ಷರವನ್ನು ಗೆರೆಯೊಳಗೆ ಕೂರಿಸಲಾಗದ ಕೈ ದವಡೆ ಹಲ್ಲಿನ ಹಿಂಬದಿಗೆ ಹೇಗೆ ತಲುಪೀತು? ನಿಮ್ಮ ಮಗ ಆಟವಾಡಿಕೊಂಡು ಉಜ್ಜಲಿ, ಬೇಡವೆನ್ನುವುದಿಲ್ಲ. ಅದಾದ ಮೇಲೆ ನೀವು ಅವನ ಹಿಂದೆ ನಿಂತು, ತಲೆಯನ್ನು ನಿಮ್ಮ ಎದೆಗೆ ಒರಗಿಸಿಕೊಂಡು, ಎಡಗೈ ಬೆರಳಿನಿಂದ ಕೆನ್ನೆ ಸರಿಸಿ ಇನ್ನೊಮ್ಮೆ ಉಜ್ಜಿ. ಇನ್ನೊಂದು ಎಚ್ಚರಿಕೆ. ಆರರ ಆಸುಪಾಸಿನಲ್ಲಿ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಒಂದು ದವಡೆ ಹಲ್ಲು ಮೂಡುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲವಾದ್ದರಿಂದ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಪೂರ್ತಿ ಏಳುವವರೆಗೆ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುತ್ತದೆ, ಬ್ರಷ್ ಅದರ ಮೇಲೆ ಸೇತುವೆಯಂತೆ ಹಾದುಹೋಗುತ್ತದೆ. ಅದೊಂದಕ್ಕೆ ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡಲಾಗಿ ಹಾಕಿ.

ನಿಮ್ಮ ಪತ್ರದಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಈ ಐದು ನಕ್ಷತ್ರ ಬೆಳಗಿನದೋ, ರಾತ್ರಿಯದೋ? ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಹಲ್ಲಿಗೆ ಕಾವಲು ಇರುವುದಿಲ್ಲ. ರಾತ್ರಿ ಉಜ್ಜಿಸಿ, ಆಮೇಲೆ ‘ಮಗು ಸರಿಯಾಗಿ ಉಣ್ಣಲಿಲ್ಲ’ ಎಂದು ಒಂದು ಲೋಟ ಸಿಹಿ ಹಾಲು ಕುಡಿಸುವ ಮನೆಗಳನ್ನು ನಾನು ವಾರಕ್ಕೆ ನಾಲ್ಕು ನೋಡುತ್ತೇನೆ. ಇನ್ನು, ಒಂದಕ್ಕೊಂದು ಒತ್ತಿಕೊಂಡಿರುವ ಎರಡು ದವಡೆ ಹಲ್ಲುಗಳ ನಡುವೆ ಹುಳುಕು ಶುರುವಾಗಿದ್ದರೆ ಎಷ್ಟು ಸಾವಿರದ ಬ್ರಷ್ಷೂ ಅಲ್ಲಿಗೆ ಹೋಗದು. ಅಲ್ಲಿಗೆ ಹೋಗುವುದು ಫ್ಲಾಸ್ ಎಂಬ ದಾರ. ಅದನ್ನೂ ನೀವೇ ಆಡಿಸಬೇಕು.

ತಂತ್ರಜ್ಞಾನದ ವೈರಿ ನಾನಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2014ರ ಪರಾಮರ್ಶೆಯ ಪ್ರಕಾರ, ಕೈ ಬ್ರಷ್‌ಗೆ ಹೋಲಿಸಿದರೆ ವಿದ್ಯುತ್ ಬ್ರಷ್‌ನಿಂದ ಪ್ಲಾಕ್ ಒಂದರಿಂದ ಮೂರು ತಿಂಗಳಲ್ಲಿ ಶೇ 11ರಷ್ಟು, ಆಮೇಲೆ ಶೇ 21ರಷ್ಟು ಕಡಿಮೆಯಾಗಿತ್ತು. ಆ ಶ್ರೇಯ ಮೋಟಾರಿನದು, ಬ್ಲೂಟೂತಿನದಲ್ಲ. ಬ್ರಿಟನ್ನಿನ ದಂತವೈದ್ಯರೊಬ್ಬರು ರೂಪಿಸಿದ ಬ್ರಷ್ ಡಿಜೆ ಆಪ್ ನಿಮ್ಮ ಮೊಬೈಲಿನ ಹಾಡನ್ನೇ ಎರಡು ನಿಮಿಷ ಹಾಕುತ್ತದೆ. ಅಂಥದ್ದು ನನಗೆ ಇಷ್ಟ, ಏಕೆಂದರೆ ಮೊಬೈಲ್ ಬಚ್ಚಲ ಹೊರಗೇ ಇರಬಹುದು. ಹಲ್ಲಿಗೆ ತಂತಿ ಹಾಕಿಸಿಕೊಂಡ ಹನ್ನೆರಡರ ಹುಡುಗರಿಗೆ, ಹೆಜ್ಜೆ ಹೆಜ್ಜೆಯಾಗಿ ಚಿತ್ರ ತೋರಿಸಿದರೆ ಸಲೀಸಾಗುವ ಆಟಿಸಂ ಇರುವ ಮಕ್ಕಳಿಗೆ ಆಪ್ ನಿಜಕ್ಕೂ ಉಪಕಾರಿ. ಉಳಿದಂತೆ ನಾನು ಕಂಡದ್ದು ಇಷ್ಟೇ: ಬೊಂಬೆಯ ಕುಣಿತ ಮೂರು ವಾರಕ್ಕೆ ಹಳತಾಗುತ್ತದೆ, ಮೊಬೈಲ್ ಕೊಡದಿದ್ದರೆ ಬಾಯಿ ತೆರೆಯುವುದಿಲ್ಲ ಎಂಬ ಹಟ ಉಳಿಯುತ್ತದೆ.

ನಿಮ್ಮ ಮೊಬೈಲಿಗೆ ಎರಡು ಕೆಲಸ ಕೊಡಿ. ಒಂದು, ಮಗ ಸೋಫಾದ ಮೇಲೆ ತೂಕಡಿಸುವ ಮೊದಲೇ, ಎಂಟೂಕಾಲಿಗೆ, ನಿಮ್ಮನ್ನು ಎಬ್ಬಿಸುವ ಅಲಾರಂ. ಇನ್ನೊಂದು, ಅದರ ಟಾರ್ಚ್. ವಾರಕ್ಕೊಮ್ಮೆ ತುಟಿ ಎತ್ತಿ ಬೆಳಕು ಬಿಡಿ. ಒಸಡಿನ ಅಂಚಿನಲ್ಲಿ ಸುಣ್ಣ ಬಳಿದಂಥ ಮಂಕು ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಹೆಜ್ಜೆ. ಆ ಹಂತದಲ್ಲಿ ಬಂದರೆ ಕೊರೆಯದೆ, ಹಲ್ಲನ್ನು ಗಟ್ಟಿಮಾಡುವ ಫ್ಲೋರೈಡ್ ಲೇಪಿಸಿಯೇ ತಡೆಯಲು ಸಾಧ್ಯ. ಕಪ್ಪು ಗುಂಡಿಯಾದ ಮೇಲೆ ಫೋಟೊ ಕಳಿಸಿ ‘ಏನು ಹಚ್ಚಬೇಕು’ ಎಂದು ಕೇಳಬೇಡಿ.

ಪ್ರಶ್ನೆ: ಹೇಗೂ ಬಿದ್ದುಹೋಗುವ ಹಾಲುಹಲ್ಲಿಗೆ ಇಷ್ಟೆಲ್ಲ ಖರ್ಚು ಬೇಕೆ? – ಹಾಸನ

ಉತ್ತರ: ಹಿಂದಿನ ಹಾಲುಹಲ್ಲು ಬೀಳುವುದು ಹತ್ತು–ಹನ್ನೆರಡರ ವಯಸ್ಸಿಗೆ. ಅಲ್ಲಿಯವರೆಗೆ ಮಗು ಯಾವುದರಲ್ಲಿ ಅಗಿಯಬೇಕು?

ಪ್ರಶ್ನೆ: ನಮ್ಮೂರ ಸಂತೆಯಲ್ಲಿ ಒಬ್ಬರು ಹೊಗೆ ಕೊಟ್ಟು ಹಲ್ಲಿನ ಹುಳ ಉದುರಿಸುತ್ತಾರೆ. ಕಣ್ಣಾರೆ ಕಂಡಿದ್ದೇನೆ. – ರಾಣೆಬೆನ್ನೂರು

ಉತ್ತರ: ನೀವು ಕಂಡದ್ದು ನೆಲಗುಳ್ಳದ ಬೀಜದ ಒಳಗಿನ ಮೊಳಕೆ. ಕೆಂಡದ ಬಿಸಿಗೆ ಬೀಜ ಒಡೆದು ಬಿಳಿಯ ಸುರುಳಿ ಹೊರಬೀಳುತ್ತದೆ. ಯಾರ ಬಾಯಿಯೂ ಇಲ್ಲದೆ ಬೀಜವೊಂದನ್ನೇ ಸುಟ್ಟು ನೋಡಿ, ಹುಳ ಬರುತ್ತದೆ. ಹಲ್ಲಿನಲ್ಲಿ ಹುಳ ಇಲ್ಲ, ಇರುವುದು ಬ್ಯಾಕ್ಟೀರಿಯಾ. ಹೊಗೆಯಿಂದ ನೋವು ಒಂದು ದಿನ ಅಡಗಿದರೂ ಕೀವು ಅಡಗುವುದಿಲ್ಲ.

ಪ್ರಶ್ನೆ: ಫ್ಲೋರೈಡ್ ವಿಷ ಎಂದು ವಾಟ್ಸಾಪ್‌ನಲ್ಲಿ ಬಂದಿದೆ. ನಮ್ಮ ಕಡೆ ಮಕ್ಕಳ ಹಲ್ಲೆಲ್ಲ ಕಂದು. ಪೇಸ್ಟ್ ಬಿಡಿಸಲೇ? – ಪಾವಗಡ

ಉತ್ತರ: ನಿಮ್ಮೂರಿನ ಕಂದು ಕಲೆಗೆ ಕಾರಣ ಕೊಳವೆಬಾವಿಯ ನೀರು, ಪೇಸ್ಟ್ ಅಲ್ಲ. ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಮೀರಿದ ನೀರನ್ನು ಮಕ್ಕಳಿಗೆ ಕುಡಿಸಬಾರದು. ನೀರನ್ನು ಪರೀಕ್ಷೆ ಮಾಡಿಸಿ, ಕುಡಿಯಲೂ ಅಡುಗೆಗೂ ಶುದ್ಧೀಕರಿಸಿದ್ದನ್ನು ಬಳಸಿ. ಪೇಸ್ಟ್ ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು. ಬ್ರಷ್ಷಿನ ಉದ್ದಕ್ಕೂ ಅಲೆಯಲೆಯಾಗಿ ಸುರಿಯುವುದು ಜಾಹೀರಾತಿನವರ ಚಟ. ಉಗುಳಲು ಕಲಿಸಿ.

ಪ್ರಶ್ನೆ: ಇದ್ದಿಲಿನ ಪೇಸ್ಟ್ ಮಕ್ಕಳಿಗೆ ಆಗಬಹುದೆ?

ಉತ್ತರ: ಬೇಡ.

ಪ್ರಶ್ನೆ: ಯಾವ ಕಂಪನಿಯ ಬ್ರಷ್ ಒಳ್ಳೆಯದು?

ಉತ್ತರ: ತಲೆ ಚಿಕ್ಕದು, ಎಳೆ ಮೆತ್ತಗಿನದು. ಎಳೆ ಬಾಗಿದ ದಿನ ಎಸೆಯಿರಿ.