ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ಟಿದರೂ, ಪೇಂಟಿಂಗ್ ಬಂದಾಗ ಮತ್ತೆ ಸಾವಿರಗಟ್ಟಲೆ ಕೇಳುವುದು ಯಾಕೆ?

ಆ ಮೇಂಟೆನೆನ್ಸ್ ದುಡ್ಡು ಆಯಾ ತಿಂಗಳಿಗೇ ಖಾಲಿ ಆಗಿರುತ್ತದೆ, ಅದಕ್ಕೆ. ವಾಚ್‌ಮನ್ ಸಂಬಳ, ಮೆಟ್ಟಿಲ ಲೈಟು, ಸಂಪಿನ ಮೋಟರು, ಲಿಫ್ಟ್ ಸರ್ವೀಸು, ಬೇಸಿಗೆಯಲ್ಲಿ ಟ್ಯಾಂಕರ್ ನೀರು, ಇಷ್ಟಕ್ಕೇ ಸರಿಹೋಗುತ್ತದೆ. ದೊಡ್ಡ ರಿಪೇರಿಗೆ ಬೇರೆ ನಿಧಿ ಇಡದಿದ್ದರೆ ಕೈಚಾಚಲೇಬೇಕು.

ಕಟ್ಟಡ ಸವೆಯುವುದು ದಿನಾ, ಬಿಲ್ ಬರುವುದು ಮಾತ್ರ ಐದಾರು ವರ್ಷಕ್ಕೊಮ್ಮೆ. ಮೈಸೂರಿನ ಕುವೆಂಪುನಗರದಲ್ಲಿ 24 ಮನೆಯ ಒಂದು ಅಪಾರ್ಟ್‌ಮೆಂಟ್ ಇದೆ ಅಂದುಕೊಳ್ಳಿ, ಆರು ವರ್ಷಕ್ಕೊಮ್ಮೆ ಪೇಂಟಿಂಗಿಗೆ 6 ಲಕ್ಷ. ಒಟ್ಟಿಗೆ ಕೇಳಿದರೆ ಮನೆಗೆ 25,000 ರೂಪಾಯಿ, ಜಗಳ ಗ್ಯಾರಂಟಿ. ಮೊದಲಿಂದಲೇ ಎತ್ತಿಟ್ಟಿದ್ದರೆ ತಿಂಗಳಿಗೆ ಸುಮಾರು 350, ಯಾರಿಗೂ ಭಾರ ಅನ್ನಿಸಲ್ಲ. ಇನ್ನೊಂದು ಅನ್ಯಾಯ ಏನಂದರೆ, ಐದು ವರ್ಷ ಇದ್ದವರು ಮನೆ ಮಾರಿ ಹೋಗಿರುತ್ತಾರೆ, ಮೊನ್ನೆ ಹಾಲುಕ್ಕಿಸಿ ಬಂದವರ ತಲೆಗೆ ಪೂರ್ತಿ ಖರ್ಚು ಬೀಳುತ್ತದೆ, ಅವರು ಸಿಟ್ಟಾಗುವುದು ಸಹಜ ಅಲ್ವಾ?

ಈ ನಿಧಿಗೆ ಬೇರೆ ಬ್ಯಾಂಕ್ ಖಾತೆ ಇರಲಿ, ಇಬ್ಬರ ಸಹಿ ಇಲ್ಲದೆ ದುಡ್ಡು ಹೊರಗೆ ಹೋಗಬಾರದು. ಒಂದೇ ಖಾತೆಯಲ್ಲಿಟ್ಟರೆ ಸುಮ್ನೆ ಟ್ಯಾಂಕರ್ ಬಿಲ್ಲಿಗೆ ಕರಗಿಹೋಗುತ್ತದೆ. ಪ್ರತಿ ತಿಂಗಳ ಲೆಕ್ಕವನ್ನು ಲಿಫ್ಟಿನ ಪಕ್ಕ ಅಂಟಿಸಿ, ಅರ್ಧ ಅನುಮಾನ ಅಲ್ಲೇ ಮುಗಿಯುತ್ತದೆ.

"ನಾವು ನೆಲಮಹಡಿಯವರು, ಲಿಫ್ಟ್ ಹತ್ತೋದೇ ಇಲ್ಲ, ನಾವ್ಯಾಕೆ ಕೊಡಬೇಕು?" ಅನ್ನುವವರು ಎಲ್ಲ ಕಡೆ ಇರುತ್ತಾರೆ. ನಿಮ್ಮ ಕಟ್ಟಡ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಬಂದಿದ್ದರೆ ಆ ವಾದ ನಿಲ್ಲಲ್ಲ. ಬಳಸಲಿ ಬಿಡಲಿ, ಎಲ್ಲರಿಗೂ ಸೇರಿದ ಜಾಗ ಮತ್ತು ಸೌಕರ್ಯದ ಖರ್ಚಲ್ಲಿ ಪಾಲು ಕೊಡಲೇಬೇಕು.