ಸ್ನೋಡೆನ್‌ಗಿಂತ ಬಹಳ ಹಿಂದೆಯೇ ಗೊತ್ತಿತ್ತು

ಕಂಪ್ಯೂಟರ್, ಫೋನುಗಳ ಮೂಲಕ ನಮ್ಮ ಖಾಸಗಿ ಬದುಕಿನ ಮೇಲೆ ಕಣ್ಣಿಡಬಹುದು ಅಂತ ಜನಕ್ಕೆ ಮೊದಲು ಹೊಳೆದದ್ದು ಯಾವಾಗ ಅಂತ ಕೇಳಿದ್ದೀರಿ. ಬಹಳ ಜನ 2013, ಅಮೆರಿಕ ಸರ್ಕಾರದ ಗುಟ್ಟಿನ ಕಣ್ಗಾವಲನ್ನು ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ ಅನ್ನುತ್ತಾರೆ. ನನಗೆ ಅದು ತೀರಾ ತಡವಾಯಿತು ಅನ್ನಿಸುತ್ತದೆ. ಕಂಪ್ಯೂಟರಿನ ಮಟ್ಟಿಗೆ ನನ್ನ ಉತ್ತರ 1966. ಮನೆಗಳಿಗೆ ಕಂಪ್ಯೂಟರ್ ಬರಲು ಆಗಿನ್ನೂ ಹತ್ತು ವರ್ಷ ಬಾಕಿ ಇತ್ತು!

ಆಗ ಅಮೆರಿಕದಲ್ಲಿ ಒಂದು ಯೋಜನೆ ಹುಟ್ಟಿಕೊಂಡಿತು. ಸರ್ಕಾರದ ಬೇರೆ ಬೇರೆ ಇಲಾಖೆಗಳಲ್ಲಿ ಚದುರಿ ಬಿದ್ದಿದ್ದ ದಾಖಲೆಗಳನ್ನೆಲ್ಲ ಕಂಪ್ಯೂಟರ್ ಇರುವ ಒಂದೇ ಕೇಂದ್ರಕ್ಕೆ ತರೋಣ ಅಂತ. ಹೇಳಿದವರು ಕಳ್ಳರೇನಲ್ಲ, ಅಂಕಿಅಂಶ ಬೇಕಾಗಿದ್ದ ಅರ್ಥಶಾಸ್ತ್ರಜ್ಞರು. ಆದರೆ ಕಾರ್ನೀಲಿಯಸ್ ಗಲಾಗರ್ ಎಂಬ ಸಂಸದ ಇದನ್ನು ಸುಮ್ನೆ ಬಿಡಲಿಲ್ಲ. 1966ರ ಜುಲೈನಲ್ಲಿ ಅವರ ಉಪಸಮಿತಿ ವಿಚಾರಣೆ ನಡೆಸಿತು. ಭಯ ಇದ್ದದ್ದು ಇಷ್ಟೇ: ತೆರಿಗೆಯ ಕಾಗದ ಒಂದು ಕಡೆ, ಜನಗಣತಿಯ ಕಾಗದ ಇನ್ನೊಂದು ಕಡೆ ಇದ್ದಾಗ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟರೆ ಮನುಷ್ಯನ ಜಾತಕವೇ ಸಿಕ್ಕಿಬಿಡುತ್ತದೆ.

ನನಗೆ ಹೆಚ್ಚು ಕುತೂಹಲ ಅನ್ನಿಸುವುದು ಅಲ್ಲಿ ಪಾಲ್ ಬರಾನ್ ಕೊಟ್ಟ ಸಾಕ್ಷ್ಯ. ಈಗಿನ ಇಂಟರ್ನೆಟ್ಟಿಗೆ ತಳಪಾಯ ಹಾಕಿದವರಲ್ಲಿ ಆತನೂ ಒಬ್ಬ. ಒಂದೇ ಕೇಂದ್ರ ಕಟ್ಟದಿದ್ದರೂ ಅಪಾಯ ತಪ್ಪುವುದಿಲ್ಲ, ಬೇರೆ ಬೇರೆ ಕಂಪ್ಯೂಟರುಗಳು ಒಂದಕ್ಕೊಂದು ಸೇರಿಕೊಂಡರೆ ಪರಿಣಾಮ ಅದೇ ಅನ್ನೋದು ಆತನ ವಾದ. ಆ ಯೋಜನೆಯೇನೋ ಬಿದ್ದುಹೋಯಿತು. ಆತ ಹೇಳಿದ್ದು ಮಾತ್ರ ಆಗಿಯೇ ಆಯಿತು, ಅಲ್ವಾ? ಯುರೋಪಿನವರು ಬೇಗ ಎಚ್ಚೆತ್ತರು. ಪಶ್ಚಿಮ ಜರ್ಮನಿಯ ಹೆಸ್ಸೆ ರಾಜ್ಯ 1970ರಲ್ಲೇ ಡೇಟಾ ರಕ್ಷಣೆಗೆ ಕಾನೂನು ಮಾಡಿತು. ಜಗತ್ತಿನಲ್ಲಿ ಅದೇ ಮೊದಲನೆಯದು.

ಫೋನಿನ ಕಥೆ ಇನ್ನೂ ಹಳೆಯದು. ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವ ಕಾಲದಲ್ಲಿ ಆಪರೇಟರ್ ಮನಸ್ಸು ಮಾಡಿದರೆ ನಮ್ಮ ಮಾತು ಕೇಳಿಸಿಕೊಳ್ಳಬಹುದು ಅಂತ ಎಲ್ಲರಿಗೂ ಗೊತ್ತಿತ್ತು. ದುಡ್ಡಿನ ವಿಷಯ, ಸಂಬಂಧ ಕುದುರಿಸುವ ವಿಷಯ ಬಂದರೆ ನಮ್ಮ ಮನೆಯ ಹಿರಿಯರು "ಫೋನಲ್ಲಿ ಬೇಡ, ಬಂದಾಗ ಮಾತಾಡೋಣ" ಅನ್ನುತ್ತಿದ್ದರು. ಇನ್ನು ಸರ್ಕಾರವೇ ಕೇಳಿಸಿಕೊಳ್ಳಬಹುದು ಅನ್ನೋದು ಕರ್ನಾಟಕದಲ್ಲಿ ಮನೆಮಾತಾದದ್ದು 1988ರ ಆಗಸ್ಟ್‌ನಲ್ಲಿ. ರಾಜಕಾರಣಿಗಳ ಫೋನ್ ಕದ್ದಾಲಿಕೆಯ ಗದ್ದಲದಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಕದ್ದಾಲಿಕೆಗೆ ಆಧಾರವಾಗಿದ್ದ ಕಾನೂನು ಯಾವುದು ಗೊತ್ತಾ? 1885ರ ಟೆಲಿಗ್ರಾಫ್ ಕಾಯ್ದೆ! ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದು ಎರಡು ತಿಂಗಳಿಗೆ ಮುಗಿಯುತ್ತದೆ, ಮುಂದುವರಿಸಿದರೂ ಆರು ತಿಂಗಳು ದಾಟಬಾರದು ಎಂಬ ಲಗಾಮು ಬಿದ್ದದ್ದು 1996ರ ಸುಪ್ರೀಂ ಕೋರ್ಟ್ ತೀರ್ಪಿನಿಂದ.

ಮೊಬೈಲ್ ಬಂದ ಮೇಲೆ ಈ ಎರಡೂ ಭಯ ಒಂದಾದವು. ಈಗ ಮಾತು ಕೇಳಿಸಿಕೊಳ್ಳಲೇಬೇಕು ಅಂತಿಲ್ಲ. ಜರ್ಮನಿಯ ಗ್ರೀನ್ ಪಕ್ಷದ ಮಾಲ್ಟೆ ಸ್ಪಿಟ್ಜ್ ತನ್ನ ಫೋನ್ ಕಂಪನಿಯ ಮೇಲೆ ಕೇಸು ಹಾಕಿ, ತನ್ನದೇ ಆರು ತಿಂಗಳ ದಾಖಲೆ ಪಡೆದುಕೊಂಡ. ಒಟ್ಟು 35,830 ಸಾಲು. ಅದರಲ್ಲಿ ಒಂದು ಮಾತೂ ಇರಲಿಲ್ಲ, ಯಾವಾಗ ಯಾವ ಟವರ್ ಹತ್ತಿರ ಇದ್ದ ಅನ್ನೋಂಥ ವಿವರ ಅಷ್ಟೇ. 2011ರಲ್ಲಿ 'ಡೀ ಜೈಟ್' ಪತ್ರಿಕೆ ಅದನ್ನು ನಕ್ಷೆಯ ಮೇಲೆ ಹಾಕಿ ತೋರಿಸಿದಾಗ ಆತನ ದಿನಚರಿಯೇ ಕಣ್ಣ ಮುಂದೆ ಬಂತು. ನಮ್ಮಲ್ಲಿ ಇಂಥ ದಾಖಲೆಗೆ ಸಿಡಿಆರ್ (ಕಾಲ್ ಡೀಟೇಲ್ ರೆಕಾರ್ಡ್, ಅಂದರೆ ಕರೆ ವಿವರಗಳ ದಾಖಲೆ) ಅನ್ನುತ್ತಾರೆ, ಪೊಲೀಸ್ ಸುದ್ದಿಗಳಲ್ಲಿ ನೀವೂ ಓದಿರುತ್ತೀರಿ. ಮೊದಲು ಟೆಲಿಕಾಂ ಕಂಪನಿಗಳು ಅದನ್ನು ಒಂದು ವರ್ಷ ಇಟ್ಟುಕೊಂಡರೆ ಸಾಕಿತ್ತು. 2021ರ ಡಿಸೆಂಬರ್‌ನಿಂದ ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕು.