ಓಮ್ನಿಗೆ ಬೇರೆ ಎಂಜಿನ್ ಕೂರಿಸಿದ ಮೇಲೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಬದಲಿಸಬೇಕಾ?

ಈಗಲೇ ಬೇಡ. ಮೊದಲು ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿಯ ಒಣ ಮಸಿ ಬೆರಳಿಗೆ ಕಾಡಿಗೆಯ ಹಾಗೆ ಹತ್ತಿದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂತ. ಆಯಿಲ್ ಜಿಡ್ಡಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ನೋಡಿಸಿ, ಕಾರ್ಬೊರೇಟರನ್ನು ಸುಮ್ನೆ ಬೈಯಬೇಡಿ.

ಆಮೇಲೆ ಏರ್ ಫಿಲ್ಟರ್ ತೆಗೆದು, ಕಾರ್ಬೊರೇಟರಿಗೆ ಗಾಳಿ ಹೋಗುವ ದಾರಿ ಮುಚ್ಚುವ ಚೋಕ್ ಪ್ಲೇಟ್ ನೋಡಿ. ಎಂಜಿನ್ ಕೂರಿಸುವಾಗ ಅದರ ಕೇಬಲ್ ಬಿಗಿಯಾಗಿದ್ದರೆ, ಚೋಕ್ ನಾಬ್ ಪೂರ್ತಿ ಒಳಗೆ ಹೋದರೂ ಪ್ಲೇಟ್ ಅರ್ಧ ಮುಚ್ಚಿಕೊಂಡೇ ಇರುತ್ತದೆ. ನನ್ನ ಗಾಡಿಗೂ ಇದೇ ಆಗಿತ್ತು. ಮಂಡ್ಯದಿಂದ ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ಪ್ಲಗ್ ಕಪ್ಪಾಗಿರುತ್ತಿತ್ತು. ಕೇಬಲ್ ಒಂದಿಷ್ಟು ಸಡಿಲ ಮಾಡಿದೆ, ಸರಿಹೋಯಿತು.

ಚೋಕ್ ಸರಿಯಿದ್ದರೆ ಎಂಜಿನ್ ನಿಲ್ಲಿಸಿದ ಕೂಡಲೇ ಕಾರ್ಬೊರೇಟರ್ ಬಾಯೊಳಗೆ ಟಾರ್ಚ್ ಬಿಡಿ. ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ, ಒಳಬರುವ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಸರಿಯಾಗಿ ಕೂರುತ್ತಿಲ್ಲ. ಎಲೆಕ್ಟ್ರಿಕ್ ಪಂಪ್ ಹಾಕಿಸಿದ್ದೀರಾ? ಅದರ ಒತ್ತಡವೇ ನೀಡಲನ್ನು ತಳ್ಳುತ್ತಿರಬಹುದು. ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗ) ಕೊನೆಗೆ ಮುಟ್ಟಿ.